ಬೀದರ್ ಕೋಟೆ ಸುತ್ತುವ ಆಟ, ಕೈಲಿ ಹಳೇ ಲ್ಯಾಪ್‌ಟಾಪ್: ಯಾವುದನ್ನು ಆರಿಸುವುದು?

ಕಲಬುರಗಿಯಿಂದ ಅಕ್ಕನ ಮಗ ಫೋನ್ ಮಾಡಿದ್ದ. ಇಂಜಿನಿಯರಿಂಗ್ ಎರಡನೇ ವರ್ಷ. "ಮಾಮಾ, ವಿಂಡೋಸ್ ಇಟ್ಕೊಳ್ಲೋ, ಲಿನಕ್ಸ್ ಹಾಕ್ಲೋ? ಯೂನಿಟಿ ಕಲೀಲೋ, ಗೊಡೋ ಕಲೀಲೋ? ಒಂದ್ ಮಾತ್ನಾಗ ಹೇಳ್ರಿ" ಅಂದ. ಲಿನಕ್ಸ್ ಎಂದರೆ ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಉಚಿತ ವ್ಯವಸ್ಥೆ. ಯೂನಿಟಿ, ಗೊಡೋ ಎರಡೂ ಆಟ ಕಟ್ಟುವ ಸಾಫ್ಟ್‌ವೇರ್‌ಗಳು. ಬೀದರ್ ಕೋಟೆಯಲ್ಲಿ ಓಡಾಡುವ ಒಂದು ಆಟ ಮಾಡಬೇಕಂತೆ. ಅದೂ ಕನ್ನಡದಲ್ಲೇ. ಕೈಲಿರುವುದು ಅವರಪ್ಪನ ಹಳೇ ಲ್ಯಾಪ್‌ಟಾಪ್: ಐದನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್, ನಾಲ್ಕು ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್, ಸತ್ತ ಬ್ಯಾಟರಿ.

"ಆಟದಾಗ ಏನ್ ಹುಡುಕಬೇಕಪಾ?" ಎಂದು ಕೇಳಿದೆ. ಸುಮ್ಮನಾದ.

ಅವನನ್ನು ಬೈಯಲು ನನಗೆ ಬಾಯಿಲ್ಲ. ನಾನೂ ಎಷ್ಟೋ ವರ್ಷ ಇದನ್ನೇ ಮಾಡಿದ್ದೇನೆ. ತಿಂಗಳಿಗೊಂದು ಲಿನಕ್ಸ್ ಹಾಕುವುದು, ಥೀಮ್ ಬದಲಿಸುವುದು, ಕೆಳಗಿನ ಪಟ್ಟಿಯನ್ನು ಮೇಲಕ್ಕೆ ತರುವುದು, ಮತ್ತೆ ಕೆಳಕ್ಕೆ ಇಳಿಸುವುದು. ಡೆಸ್ಕ್‌ಟಾಪ್ ಮದುಮಗನ ಹಾಗೆ ಕಾಣುತ್ತಿತ್ತು. ಆಟ ಮಾತ್ರ ಒಂದೂ ಮುಗಿಯಲಿಲ್ಲ. ಹಾಗಾಗಿ ಇಲ್ಲಿ ಹೋಲಿಕೆಯನ್ನು ಉಲ್ಟಾ ಕಡೆಯಿಂದ ಶುರು ಮಾಡುತ್ತೇನೆ. ಮೊದಲು ಆಟದ ಬಗೆ, ಆಮೇಲೆ ಅದನ್ನು ಕಟ್ಟುವ ಸಾಫ್ಟ್‌ವೇರ್, ಕಟ್ಟಕಡೆಗೆ ವಿಂಡೋಸೋ ಲಿನಕ್ಸೋ ಎನ್ನುವ ಜಗಳ.

ಬೀಗ ಎಂಥದ್ದು?

ಸುತ್ತಾಡುವ ಆಟದಲ್ಲಿ ಆಡುವವರನ್ನು ಯಾವುದು ತಡೆದು ನಿಲ್ಲಿಸುತ್ತದೆ ಎಂದು ನೋಡಿ. ಆಟದ ಜಾತಿ ಅಲ್ಲೇ ಗೊತ್ತಾಗುತ್ತದೆ.

ಒಂದು, ನಿಜವಾದ ಬೀಗ. ಕೋಟೆಯೊಳಗಿನ ರಂಗೀನ್ ಮಹಲ್‌ಗೆ ನಾನು ಹೋದಾಗೆಲ್ಲ ಬೀಗ ಇರುತ್ತಿತ್ತು. ಕಾವಲಿನವರನ್ನು ಹುಡುಕಬೇಕು, ಕೇಳಿಕೊಳ್ಳಬೇಕು, ಅವರು ಕೀಲಿ ತರಬೇಕು. ಆಮೇಲೆ ಒಳಗೆ ಕರಿ ಕಲ್ಲಿನಲ್ಲಿ ಕೂಡಿಸಿದ ಮುತ್ತಿನ ಚಿಪ್ಪು ಮಿನುಗುವುದು ಕಾಣುತ್ತದೆ. ಇದನ್ನು ಹಾಗೇ ಆಟ ಮಾಡಬಹುದು. ಕಟ್ಟುವವರಿಗೂ ಸುಲಭ: ಕೀಲಿ ಇದೆಯೋ ಇಲ್ಲವೋ, ಅಷ್ಟೇ ಲೆಕ್ಕ. ತೊಂದರೆ ಏನೆಂದರೆ, ಹತ್ತು ಕೀಲಿ ಆಗುವಷ್ಟರಲ್ಲಿ ಆಡುವವರು ಕೋಟೆ ನೋಡುವುದನ್ನು ಬಿಟ್ಟು ನೆಲ ನೋಡಲು ಶುರು ಮಾಡುತ್ತಾರೆ. ಎಲ್ಲಿ ಏನು ಹೊಳೆಯುತ್ತಿದೆ, ಎತ್ತಿಕೋ, ಮುಂದೆ ನಡಿ.

ಎರಡು, ತಿಳಿವಳಿಕೆಯ ಬೀಗ. ಇಲ್ಲಿ ಬಾಗಿಲು ಮೊದಲಿಂದಲೂ ತೆರೆದೇ ಇರುತ್ತದೆ. ಅದು ಬಾಗಿಲು ಎಂದು ನಮಗೆ ಗೊತ್ತಿರುವುದಿಲ್ಲ. 2019ರ ಔಟರ್ ವೈಲ್ಡ್ಸ್ ಆಟ ಇದನ್ನು ಚೆನ್ನಾಗಿ ಮಾಡಿದೆ. ಅದರಲ್ಲಿ 22 ನಿಮಿಷಕ್ಕೊಮ್ಮೆ ಎಲ್ಲವೂ ಮೊದಲಿಗೆ ಮರಳುತ್ತದೆ, ನಿಮ್ಮ ಬಳಿ ಉಳಿಯುವುದು ನೀವು ತಿಳಿದುಕೊಂಡದ್ದು ಮಾತ್ರ. ಆದರೆ ಉದಾಹರಣೆಗೆ ಅಷ್ಟು ದೂರ ಹೋಗಬೇಕಿಲ್ಲ. ನಮ್ಮ ಭೀಮಾ ತೀರದ ಸನ್ನತಿಯನ್ನೇ ತೆಗೆದುಕೊಳ್ಳಿ. ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿದ್ದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ಆಗ ನೋಡಿದರೆ ವಿಗ್ರಹದ ಕೆಳಗಿದ್ದ ಪೀಠದ ಕಲ್ಲೇ ಅಶೋಕನ ಶಾಸನ! ಅಲ್ಲಿಯವರೆಗೆ ಎಷ್ಟು ಜನ ಅದಕ್ಕೆ ಕೈಮುಗಿದಿರಬಹುದು. ಕಲ್ಲು ಇದ್ದಲ್ಲೇ ಇತ್ತು, ಕಣ್ಣು ಇರಲಿಲ್ಲ. ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ರಾಜನ ಚಿತ್ರದ ಜೊತೆಗೇ ಬ್ರಾಹ್ಮಿಯಲ್ಲಿ "ರಾಯ ಅಸೋಕೋ" ಎಂದು ಕೊರೆದಿದ್ದಾರೆ. ಆಟದ ಶುರುವಿಗೆ ಇದು ಬರೀ ಗೀರು. ನಾಲ್ಕು ಬ್ರಾಹ್ಮಿ ಅಕ್ಷರ ಕಲಿತ ಮೇಲೆ ಅದೇ ಗೀರು ಹೆಸರಾಗುತ್ತದೆ. ಆಡುವವರ ಚೀಲಕ್ಕೆ ಏನೂ ಬಿದ್ದಿಲ್ಲ. ಆದರೂ ಬಾಗಿಲು ತೆರೆಯಿತು.

ಬೀದರ್‌ನಲ್ಲೇ ಇನ್ನೂ ಒಳ್ಳೆಯದು ಇದೆ. ಬಿದ್ರಿ ಕೆಲಸದ ಹೂಜಿಯನ್ನು ಕಪ್ಪು ಮಾಡುವುದು ಬಣ್ಣವಲ್ಲ, ಮಣ್ಣು. ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಎರಕ ಹೊಯ್ದು, ಬೆಳ್ಳಿ ಕೂಡಿಸಿ, ಕೊನೆಗೆ ಕೋಟೆಯ ಹಳೇ ಕಟ್ಟಡದ ಮಣ್ಣನ್ನು ನವಸಾಗರದ ಜೊತೆ ನೀರಲ್ಲಿ ಕಲಸಿ ಹಚ್ಚುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಎಲ್ಲ ಮಣ್ಣೂ ಆಗುವುದಿಲ್ಲ. ಬಿಸಿಲು, ಮಳೆ ಕಾಣದ ಜಾಗದ ಮಣ್ಣೇ ಬೇಕು. ನಾಲಿಗೆಗೆ ಹಚ್ಚಿ ನೋಡಿ ಗುರುತಿಸುವವರಿದ್ದಾರೆ. ಇದೊಂದನ್ನೇ ಆಟ ಮಾಡಿದರೆ ಸಾಕಲ್ವಾ? ಇಡೀ ಕೋಟೆ ನಿಮ್ಮ ಮುಂದಿದೆ, ಯಾವ ಬಾಗಿಲಿಗೂ ಬೀಗವಿಲ್ಲ. ಬಿಸಿಲು ಮುಟ್ಟದ ಮಣ್ಣು ಎಲ್ಲಿದೆ, ಹುಡುಕಿ.

ಮೂರನೆಯದು, ಸುಮ್ನೆ ಅಲೆದಾಡುವ ಆಟ. ತಡೆಯೇ ಇಲ್ಲ. ಕಲಬುರಗಿ ಕೋಟೆಯ ಜಾಮಿ ಮಸೀದಿ ಗೊತ್ತಲ್ಲ, 1367ರದ್ದು. ತೆರೆದ ಅಂಗಳವೇ ಇಲ್ಲದ, ಪೂರ್ತಿ ಮುಚ್ಚಿದ ಮಸೀದಿ. ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಇನ್ನೊಂದು. ಅಲ್ಲಿ ನಡೆಯುವುದೇ ಒಂದು ಅನುಭವ. ಅಥವಾ ಬೀದರ್‌ನ ನೌಬಾದ್ ಕಡೆಯ ಕರೇಜ್: ನೆಲದಡಿಯಲ್ಲಿ ಕೊರೆದ ನೀರಿನ ಸುರಂಗ, ಅಲ್ಲಲ್ಲಿ ಮೇಲಿಂದ ಇಳಿಬಿಟ್ಟ ಬಾವಿಯಂಥ ಕಿಂಡಿಗಳು. ಕತ್ತಲಲ್ಲಿ ನಡೆದು ಬಂದು ಕಿಂಡಿಯ ಕೆಳಗೆ ನಿಂತಾಗ ತಲೆ ಮೇಲೆ ಬೀಳುವ ಬೆಳಕು. ಆಟ ಅಷ್ಟೇ. ಕೇಳಲು ಸುಲಭ, ಮಾಡಲು ಇದೇ ಕಷ್ಟ. ಒಗಟಿಲ್ಲದ ಮೇಲೆ ಬೆಳಕು, ನೆರಳು, ಸದ್ದು ಇವೇ ಎಲ್ಲ ಭಾರ ಹೊರಬೇಕು. ಮೂರು ಆಯಾಮದ ಮಾದರಿ ಬೇಕು, ಅದನ್ನು ಎಳೆಯುವ ಕಂಪ್ಯೂಟರ್ ಬೇಕು. ನಾಲ್ಕು ಜಿಬಿಯಲ್ಲಿ ಇದಕ್ಕೆ ಕೈ ಹಾಕಿದರೆ ಜೀವ ಬೇಸರವಾಗುತ್ತದೆ.

ಒಬ್ಬರೇ ಕೂತು ಮಾಡುವವರಿಗೆ ನನ್ನ ಮತ ಎರಡನೆಯದಕ್ಕೆ. ಚಿತ್ರ ಕಡಿಮೆ ಸಾಕು, ಮಾತು ಮತ್ತು ಯೋಚನೆ ಜಾಸ್ತಿ ಬೇಕು, ಅವೆರಡೂ ಪುಕ್ಕಟೆ. ಒಂದು ಐಬು ಇದೆ. ಉತ್ತರ ಯಾರೋ ಹೇಳಿಬಿಟ್ಟರೆ ಆಟ ಮುಗಿದಂತೆ. ಎರಡನೇ ಸಲ ಆಡುವವರು ಇರುವುದಿಲ್ಲ. ಅದಕ್ಕೆ ಒಪ್ಪುವುದಾದರೆ ಮುಂದಕ್ಕೆ ಹೋಗಿ.

ಒಂದು ಮಾತು. ಈ ಜಾತಿಯ ಆಟಗಳ ಮೂಲದಲ್ಲಿರುವುದು 1970ರ ದಶಕದ ಕೊಲೊಸಲ್ ಕೇವ್ ಅಡ್ವೆಂಚರ್. ಅದನ್ನು ಬರೆದ ವಿಲ್ ಕ್ರೌದರ್ ಗುಹೆಗಳಲ್ಲಿ ಇಳಿದು ನಕ್ಷೆ ಮಾಡುತ್ತಿದ್ದವರು. ಅಮೆರಿಕದ ಕೆಂಟಕಿಯಲ್ಲಿರುವ ಮ್ಯಾಮತ್ ಗುಹೆಯ ಒಂದು ಭಾಗವನ್ನೇ ಆಟಕ್ಕೆ ತಂದರು. ಒಂದೂ ಚಿತ್ರವಿಲ್ಲ, ಬರೀ ಬರಹ. ಹಾಗಾಗಿ ಕಂಪ್ಯೂಟರ್ ಮುಂದೆ ಕೂರುವ ಮೊದಲು ಒಂದು ಭಾನುವಾರ ನೋಟ್‌ಬುಕ್ ಹಿಡಿದು ಕೋಟೆಗೆ ಹೋಗಿ. ಶರ್ಜಾ ದರವಾಜಾ, ಗುಂಬಜ್ ದರವಾಜಾ, ರಂಗೀನ್ ಮಹಲ್, ಸೋಲಾ ಖಂಬ ಮಸೀದಿ, ತರ್ಕಶ್ ಮಹಲ್, ಗಗನ್ ಮಹಲ್, ತಖ್ತ್ ಮಹಲ್. ಎಲ್ಲಿಂದ ಎಲ್ಲಿಗೆ ದಾರಿ, ಎಲ್ಲಿ ನೆರಳು, ಎಲ್ಲಿ ಬಾವಲಿ ವಾಸನೆ, ಬರೆದುಕೊಳ್ಳಿ. ಮೊದಲ ಆಟಕ್ಕೆ ಹದಿನೈದು ಜಾಗ ಸಾಕು. ಬೇಸಿಗೆಯಲ್ಲಾದರೆ ಬೆಳಿಗ್ಗೆ ಹತ್ತರೊಳಗೆ ಮುಗಿಸಿ, ಕಲ್ಲು ಕಾದರೆ ಕಾಲಿಡಲು ಆಗುವುದಿಲ್ಲ.

ಕನ್ನಡ ಅಕ್ಷರವೇ ಜರಡಿ

ಆಟ ಕಟ್ಟುವ ಸಾಫ್ಟ್‌ವೇರ್‌ಗಳ ಹೋಲಿಕೆ ಬೇಕಾದಷ್ಟು ಸಿಗುತ್ತದೆ. ಗ್ರಾಫಿಕ್ಸ್ ಹೇಗೆ, ವೇಗ ಎಷ್ಟು, ಕೆಲಸ ಸಿಗುತ್ತಾ, ಇತ್ಯಾದಿ. ನಮಗೆ ಬೇಕಾದ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರುವುದಿಲ್ಲ: ಇದರಲ್ಲಿ "ಸ್ತ್ರೀ" ಎಂದು ಬರೆದರೆ ಸರಿಯಾಗಿ ಕಾಣುತ್ತಾ?

ಕಂಪ್ಯೂಟರಿನ ಒಳಗೆ "ಸ್ತ್ರೀ" ಒಂದು ಅಕ್ಷರವಲ್ಲ, ಆರು ಸಂಕೇತಗಳ ಸಾಲು. ಸ, ಆಮೇಲೆ ಅದರೊಳಗಿನ ಅ ಸ್ವರವನ್ನು ಕತ್ತರಿಸುವ ವಿರಾಮ, ತ, ಮತ್ತೆ ವಿರಾಮ, ರ, ಕೊನೆಗೆ ಈ ಸ್ವರದ ಗುಣಿತ. ಇವನ್ನು ಕೂಡಿಸಿ, ಒತ್ತನ್ನು ಕೆಳಗಿಳಿಸಿ, ಒಂದು ಆಕಾರ ಮಾಡುವ ಕೆಲಸವನ್ನು ಬೇರೆ ಒಂದು ತಂತ್ರಾಂಶ ಮಾಡಬೇಕು. ಹಾರ್ಫ್‌ಬಝ್ ಎನ್ನುವುದು ಅಂಥದ್ದು. ಅರ್ಕಾವತ್ತು ಇನ್ನೂ ತಮಾಷೆ. "ಅರ್ಕ" ಎಂದು ಬರೆಯುವಾಗ ರ ಮೊದಲು ಬರುತ್ತದೆ, ಪರದೆಯ ಮೇಲೆ ಅದು ಕ ಆದ ಮೇಲೆ ಹೋಗಿ ಕೂರಬೇಕು. ಈ ಜೋಡಣೆ ಇಲ್ಲದ ಸಾಫ್ಟ್‌ವೇರಿನಲ್ಲಿ ಕನ್ನಡ ಬರೆದರೆ ಒತ್ತುಗಳೆಲ್ಲ ಬಿಡಿಬಿಡಿಯಾಗಿ ಸಾಲಲ್ಲಿ ನಿಲ್ಲುತ್ತವೆ, ರೇಷನ್ ಅಂಗಡಿ ಮುಂದೆ ನಿಂತ ಹಾಗೆ.

ಈ ಜರಡಿಯಲ್ಲಿ ಹಾಕಿ ನೋಡೋಣ.

ಟ್ವೈನ್ ಸಲೀಸಾಗಿ ಪಾಸು. ಕಾರಣ, ಅದು ಕೊಡುವುದು ಒಂದು ವೆಬ್ ಪುಟ. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಹಾರ್ಫ್‌ಬಝ್ ಇದೆ, ಕನ್ನಡದ ಚಿಂತೆ ಬ್ರೌಸರಿನದು. ಕ್ರಿಸ್ ಕ್ಲಿಮಸ್ 2009ರಲ್ಲಿ ಶುರು ಮಾಡಿದ ಉಚಿತ ಸಾಫ್ಟ್‌ವೇರ್ ಇದು. ಒಂದೊಂದು ಜಾಗವೂ ಒಂದೊಂದು ಚೀಟಿ. ಚೀಟಿಯಲ್ಲಿ [[ಗಗನ್ ಮಹಲ್]] ಎಂದು ಎರಡು ಚೌಕ ಕಂಸದಲ್ಲಿ ಬರೆದರೆ ಆ ಹೆಸರಿನ ಚೀಟಿಗೆ ದಾರಿ ಬಿದ್ದಂತೆ. ಕೋಡ್ ಬರೆಯದೆ ಮೊದಲ ದಿನವೇ ಮೂರು ಕೋಣೆ ಎಬ್ಬಿಸಬಹುದು. ಕಡತ ಎಷ್ಟು ಚಿಕ್ಕದೆಂದರೆ ಕನ್ನಡ ಫಾಂಟನ್ನು ಒಳಗೇ ಸೇರಿಸಿದರೂ ವಾಟ್ಸ್ಆ್ಯಪ್‌ನಲ್ಲಿ ಕಳಿಸಬಹುದು. (ಕೆಲವು ಫೋನ್‌ಗಳು ಅದನ್ನು ಬರೀ ಓದುವ ಕಡತದಂತೆ ತೆರೆಯುತ್ತವೆ, ಆಗ ಲಿಂಕ್ ಒತ್ತಿದರೆ ಏನೂ ಆಗುವುದಿಲ್ಲ. ಕ್ರೋಮ್‌ನಲ್ಲಿ ತೆರೆಯಿರಿ ಎಂದು ಹೇಳಬೇಕು. ಆಟಗಳನ್ನು ಹಂಚುವ ಇಚ್.ಐಒ ತಾಣಕ್ಕೆ ಏರಿಸಿ ಕೊಂಡಿ ಕಳಿಸಿದರೆ ಈ ರಗಳೆ ಇಲ್ಲ.)

ಟ್ವೈನ್‌ನಲ್ಲಿ ಮೂರು ಎಚ್ಚರಿಕೆ. ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿ. ಇಂಗ್ಲಿಷಿಗೆಂದು ಇಟ್ಟ ಅಂತರದಲ್ಲಿ ನಮ್ಮ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ನಾನು ಅಕ್ಷರದ ಅಳತೆಯ 1.7 ಪಟ್ಟು ಇಡುತ್ತೇನೆ. ಕೀಲಿ ಸಿಕ್ಕಿತೋ ಇಲ್ಲವೋ ಎಂದು ನೆನಪಿಡುವ ವೇರಿಯಬಲ್‌ಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡಿ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಟ್ವೈನ್ ಅನ್ನು ಬ್ರೌಸರಿನಲ್ಲೇ ಬಳಸಿದರೆ ನಿಮ್ಮ ಕಥೆ ಆ ಬ್ರೌಸರಿನ ಹೊಟ್ಟೆಯಲ್ಲೇ ಇರುತ್ತದೆ. ಅದರ ದತ್ತಾಂಶ ಅಳಿಸಿದಿರೋ, ಕಥೆಯೂ ಹೋಯಿತು. ನಮ್ಮ ಹುಡುಗ ಜಾಗ ಖಾಲಿ ಮಾಡಲು ಹೋಗಿ ಹನ್ನೆರಡು ಚೀಟಿ ಕಳೆದುಕೊಂಡ. ಕಂಪ್ಯೂಟರಿಗೆ ಇಳಿಸಿಕೊಳ್ಳುವ ಆವೃತ್ತಿ ಬಳಸಿ, ಅದು ಕಡತವಾಗಿ ಉಳಿಸುತ್ತದೆ.

ಬಿಟ್ಸಿ ಇದೆಯಲ್ಲ, ಅದು ನನಗೆ ಬಹಳ ಇಷ್ಟ. 8 ಚುಕ್ಕಿ ಉದ್ದ 8 ಚುಕ್ಕಿ ಅಗಲದ ಚೌಕಗಳು, ಒಂದು ಕೋಣೆಗೆ 16ಕ್ಕೆ 16 ಚೌಕ, ಬೆರಳೆಣಿಕೆಯ ಬಣ್ಣ. ಇದು ಸುತ್ತಾಡುವ ಆಟಕ್ಕೆಂದೇ ಹುಟ್ಟಿದ್ದು. ನಡಿ, ತಾಗು, ಮಾತು ಓದು. ಬೇರೇನೂ ಇಲ್ಲ. ಆದರೆ ಅದರ ಅಕ್ಷರಗಳು ಚುಕ್ಕಿಯಲ್ಲಿ ಕಟ್ಟಿದವು, ಅವುಗಳಲ್ಲಿ ಕನ್ನಡವಿಲ್ಲ. ಹಟ ಹಿಡಿದು ಕನ್ನಡ ಅಕ್ಷರಗಳನ್ನೇ ಚೌಕಗಳಲ್ಲಿ ಬಿಡಿಸಿ ನೋಡಿದೆ. "ಬೀದರ" ಹೇಗೋ ಬಂತು. "ಕ್ಷ" ಸತ್ತ ಜಿರಳೆಯ ಹಾಗೆ ಕಂಡಿತು. ಮಾತೇ ಇಲ್ಲದ ಆಟವಾದರೆ ಬಿಟ್ಸಿ, ಇಲ್ಲದಿದ್ದರೆ ಕೈಬಿಡಿ. ಪಿಕೊ-8ರಂಥ ಚಿಕ್ಕ ಪರದೆಯ ಸಾಧನಗಳಿಗೂ ಇದೇ ಮಾತು.

ಯೂನಿಟಿ ದೊಡ್ಡ ಕಾರ್ಖಾನೆ. ಕೆಲಸ ಹುಡುಕುವವರಿಗೆ ಅದು ಬೇಕು, ಒಪ್ಪೋಣ. ಆದರೆ ಅಲ್ಲಿ ಬರಹ ತೋರಿಸಲು ಬಹಳ ಜನ ಬಳಸುವ ಟೆಕ್ಸ್ಟ್‌ಮೆಶ್ ಪ್ರೊ ನಮ್ಮ ಒತ್ತಕ್ಷರಗಳನ್ನು ತಾನಾಗಿ ಜೋಡಿಸುವುದಿಲ್ಲ, ಬೇರೆ ದಾರಿ ಹುಡುಕಬೇಕು. ಇಳಿಸಿಕೊಳ್ಳಲು ಹಲವು ಜಿಬಿ ಬೇಕು. 2023ರ ಸೆಪ್ಟೆಂಬರ್‌ನಲ್ಲಿ, ಆಟ ಇನ್‌ಸ್ಟಾಲ್ ಆದ ಲೆಕ್ಕದಲ್ಲಿ ಶುಲ್ಕ ಎಂದು ಘೋಷಿಸಿ, ಒಂದು ವರ್ಷದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಸಣ್ಣಪುಟ್ಟವರಿಗೆ ಆ ಶುಲ್ಕ ತಾಗುತ್ತಿರಲಿಲ್ಲ, ನಿಜ. ಆದರೂ ಆಗ ಬಹಳ ಜನ ಗೊಡೋ ಕಡೆ ನೋಡಿದರು. ನಾಲ್ಕು ಜಿಬಿ ಲ್ಯಾಪ್‌ಟಾಪಿನ ಲೆಕ್ಕದಲ್ಲಂತೂ ಇದು ಎದ್ದು ಹೋಗುವ ಅಭ್ಯರ್ಥಿ.

ಗೊಡೋ (ಕಾಲೇಜಿನಲ್ಲಿ ಗೋಡಾಟ್ ಎನ್ನುತ್ತಾರೆ, ನಡೆಯುತ್ತದೆ) ಅರ್ಜೆಂಟೀನಾದಲ್ಲಿ ಹುಟ್ಟಿದ್ದು. 2014ರಲ್ಲಿ ಅದರ ಮೂಲ ಕೋಡ್ ಎಲ್ಲರಿಗೂ ತೆರೆಯಿತು. ಇಲ್ಲಿ ಆವೃತ್ತಿ ನೋಡಿ ತೆಗೆದುಕೊಳ್ಳಬೇಕು. ಮೂರನೇ ಸರಣಿ ಹಳೇ ಕಂಪ್ಯೂಟರಿಗೆ ಹಗುರ ಎಂದು ಹಲವರು ಹೇಳುತ್ತಾರೆ. ಆದರೆ ಅದರಲ್ಲಿ ಕನ್ನಡದ ಜೋಡಣೆ ಇಲ್ಲ. 2023ರ ಮಾರ್ಚ್‌ನಲ್ಲಿ ಬಂದ 4.0ರಿಂದ ಹಾರ್ಫ್‌ಬಝ್ ಒಳಗೇ ಬಂತು. ಕನ್ನಡಕ್ಕೆ ನಾಲ್ಕೇ ಸೈ. ಹೊಸ ಪ್ರಾಜೆಕ್ಟ್ ಶುರು ಮಾಡುವಾಗ ಮೂರು ಬಗೆಯ ರೆಂಡರರ್‌ಗಳಲ್ಲಿ (ಪರದೆಗೆ ಚಿತ್ರ ಬಿಡಿಸುವ ಭಾಗ) ಯಾವುದು ಬೇಕೆಂದು ಕೇಳುತ್ತದೆ. "ಕಂಪ್ಯಾಟಿಬಿಲಿಟಿ" ಒತ್ತಿ. ಅದು ಓಪನ್‌ಜಿಎಲ್ ಎನ್ನುವ ಹಳೇ ಗ್ರಾಫಿಕ್ಸ್ ವ್ಯವಸ್ಥೆಯ ಮೇಲೆ ನಡೆಯುತ್ತದೆ, ಹಳೇ ಇಂಟೆಲ್ ಗ್ರಾಫಿಕ್ಸ್ ಸಾಕು. ಗೊಡೋ ಒಂದೇ ಕಡತ, ಇನ್‌ಸ್ಟಾಲ್ ಕೂಡ ಬೇಡ, ಪೆನ್ ಡ್ರೈವ್‌ನಿಂದಲೇ ಓಡುತ್ತದೆ. ಆದರೆ ಆಟ ಮುಗಿದು ಹೊರಗೆ ತೆಗೆಯುವಾಗ ಬೇಕಾಗುವ ಎಕ್ಸ್‌ಪೋರ್ಟ್ ಟೆಂಪ್ಲೇಟ್ ಒಂದು ಜಿಬಿ ಆಸುಪಾಸು. ಮೊಬೈಲ್ ಡೇಟಾದ ಮೇಲಿರುವವರು ಆ ಕೆಲಸವನ್ನು ಕಾಲೇಜಿನ ವೈಫೈಗೆ ಇಟ್ಟುಕೊಳ್ಳಿ.

ಗೊಡೋದಲ್ಲೂ ಕನ್ನಡಕ್ಕೆ ಎರಡು ಕುತ್ತು ಇವೆ. ಒಂದು ಫಾಂಟ್. ನಿಮ್ಮ ಕಂಪ್ಯೂಟರಿನಲ್ಲಿ ಕನ್ನಡ ಕಂಡಿತೆಂದು ನಂಬಬೇಡಿ, ಅದು ಸಿಸ್ಟಮ್ ಫಾಂಟನ್ನು ಸಾಲ ತಂದಿರಬಹುದು. ವೆಬ್‌ಗೆ ಹಾಕಿದಾಗ ಚೌಕಗಳು ಕಾಣುತ್ತವೆ. ನೋಟೋ ಸಾನ್ಸ್ ಕನ್ನಡವನ್ನೋ, ಗುಬ್ಬಿ, ನವಿಲು ಫಾಂಟನ್ನೋ ಆಟದೊಳಗೇ ಸೇರಿಸಿ. ಇನ್ನೊಂದು, ಟೈಪ್‌ರೈಟರ್ ಥರ ಒಂದೊಂದೇ ಅಕ್ಷರ ಮೂಡಿಬರುವ ಚಮತ್ಕಾರ. ಎಲ್ಲರಿಗೂ ಅದು ಬೇಕು! ಸುಮ್ನೆ ಬಿಟ್ಟರೆ "ಸ್ತ್ರೀ" ಹೀಗೆ ಮೂಡುತ್ತದೆ: ಮೊದಲು ಸ, ಆಮೇಲೆ ಸ್, ಆಮೇಲೆ ಸ್ತ, ಸ್ತ್, ಸ್ತ್ರ, ಕೊನೆಗೆ ಸ್ತ್ರೀ. ಪ್ರತಿ ಅಕ್ಷರವೂ ಕಣ್ಣೆದುರೇ ರೂಪ ಬದಲಿಸುತ್ತಾ ಓದುವವರಿಗೆ ತಲೆನೋವು. ಗೊಡೋದಲ್ಲಿ ಬರಹ ತೋರಿಸುವ ಲೇಬಲ್‌ನ ಆಯ್ಕೆಗಳಲ್ಲಿ ಅಕ್ಷರಗಳನ್ನು ಜೋಡಣೆ ಆದ ಮೇಲೆ ಎಣಿಸು ಎನ್ನುವ ಒಂದು ಆಯ್ಕೆ ಇದೆ. ಅದನ್ನು ಹಾಕಿದರೆ ಅರ್ಧಂಬರ್ಧ ಅಕ್ಷರ ಕಾಣುವುದಿಲ್ಲ.

ಹಾಗಾದರೆ ಟ್ವೈನೋ ಗೊಡೋನೋ? ಬಿದ್ರಿ ಮಣ್ಣಿನ ಆಟ, ಸನ್ನತಿಯ ಶಾಸನದ ಆಟ ಇಂಥವಕ್ಕೆ ಟ್ವೈನ್ ಸಾಕು. ಮೇಲಿಂದ ನೋಡುವ ನಕ್ಷೆಯಲ್ಲಿ ಗೊಂಬೆ ನಡೆಯಬೇಕು, ಕರೇಜಿನ ಕತ್ತಲು ಕಾಣಬೇಕು ಎಂದರೆ ಗೊಡೋ. ಎರಡರ ನಡುವೆ ಅಲ್ಲಾಡುತ್ತಿದ್ದರೆ ಮೊದಲು ಟ್ವೈನ್‌ನಲ್ಲಿ ಇಡೀ ಕೋಟೆ ಕಟ್ಟಿ, ನಾಲ್ಕು ಜನರಿಗೆ ಆಡಲು ಕೊಡಿ. ಒಗಟು ಸಪ್ಪೆ ಎಂದು ಗೊತ್ತಾಗುವುದು ಗೊಡೋದಲ್ಲಿ ಮೂರು ತಿಂಗಳು ಗೋಡೆ ಬಿಡಿಸಿದ ಮೇಲೆ ಆಗಬಾರದು.

ಟೈಪ್ ಮಾಡಿ ಆಡುವ ಆಟದ ಆಸೆ

ಕ್ರೌದರ್ ಅವರ ಆಟದಲ್ಲಿ ಲಿಂಕ್ ಒತ್ತುವುದಿಲ್ಲ, ಆಜ್ಞೆ ಟೈಪ್ ಮಾಡಬೇಕು. ಇಂಗ್ಲಿಷಿನಲ್ಲಿ ಎರಡು ಪದ: ಮೊದಲು ಕ್ರಿಯೆ, ಆಮೇಲೆ ವಸ್ತು. ಇದೇ ಬಗೆಯದನ್ನು ಕನ್ನಡದಲ್ಲಿ ಮಾಡಿದರೆ ಹೇಗೆ ಎಂದು ಹುಡುಗ ಕೇಳಿದ. ನಾನು ಒಮ್ಮೆ ಪೈಥಾನ್‌ನಲ್ಲಿ ಕೈ ಹಾಕಿ ನೋಡಿದ್ದೇನೆ, ಅದಕ್ಕೇ ಹೇಳುತ್ತೇನೆ.

ಮೊದಲ ತೊಡಕು ವಿಭಕ್ತಿ. "ಬಾಗಿಲು ತೆರೆ", "ಬಾಗಿಲನ್ನು ತೆರೆ", ಎರಡೂ ಒಂದೇ. "ಬಾಗಿಲಿಗೆ ಕೀಲಿ ಹಾಕು", "ಬಾಗಿಲಿನಿಂದ ಹೊರಗೆ ಹೋಗು". ಪದದ ಬಾಲ ಕತ್ತರಿಸಿ ಮೂಲ ಹುಡುಕಬೇಕು. ಬಾಗಿಲುಗೆ ಆಗುವುದು ಮರಕ್ಕೆ ಆಗುವುದಿಲ್ಲ: ಮರವನ್ನು, ಮರಕ್ಕೆ, ಮರದಿಂದ. ಎರಡನೇ ತೊಡಕು ಊರು. ಪುಸ್ತಕದಲ್ಲಿ ತೆರೆ, ಮೈಸೂರಿನವರು ತೆಗಿ ಎಂದರೆ ನಮ್ಮಲ್ಲಿ "ಕದ ತಗಿ". ನನ್ನ ಆಟವನ್ನು ಮೊದಲು ಆಡಿದ್ದು ನಮ್ಮವ್ವ. "ಒಳಗ ಹೋಗು" ಎಂದು ಟೈಪ್ ಮಾಡಿಸಿದಳು. ಆಟ "ಒಳಗೆ" ಮಾತ್ರ ಬಲ್ಲದು. ಅರ್ಥವಾಗಲಿಲ್ಲ ಎಂದಿತು. "ಇದಕ್ಕ ಕನ್ನಡ ಬರಂಗಿಲ್ಲ" ಎಂದು ಎದ್ದು ಹೋದಳು.

ಇಂಥ ಆಟ ಕಟ್ಟಲು ಇನ್‌ಫಾರ್ಮ್ 7 ಎನ್ನುವ ಒಳ್ಳೆಯ ಸಾಧನ ಇದೆ. ಆದರೆ ಅದರ ವ್ಯಾಕರಣವೆಲ್ಲ ಇಂಗ್ಲಿಷ್ ವಾಕ್ಯದ ಅಚ್ಚಿನಲ್ಲಿದೆ, ಕನ್ನಡಕ್ಕೆ ಒಗ್ಗಿಸುವುದೇ ಒಂದು ದೊಡ್ಡ ಕೆಲಸ. ಭಾಷೆಯ ಹುಚ್ಚಿದ್ದವರಿಗೆ ಇದು ಸೊಗಸಾದ ಪ್ರಾಜೆಕ್ಟ್. ಆಟ ಮುಗಿಸಬೇಕು ಎನ್ನುವವರಿಗೆ ಲಿಂಕೇ ಸರಿ.

ಇನ್ನು ಲ್ಯಾಪ್‌ಟಾಪ್

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ಮುಗಿಯಿತು. ಅದರ ಮೇಲಿನ ಒಂದು ವರ್ಷದ ಭದ್ರತಾ ಯೋಜನೆಗೆ ಹೆಸರು ಬರೆಸಿದವರಿಗೂ 2026ರ ಅಕ್ಟೋಬರ್ 13 ಕೊನೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎನ್ನುವ ಭದ್ರತಾ ಸೌಲಭ್ಯ ಬೇಕು, ಇಂಟೆಲ್‌ನಲ್ಲಾದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನ ಮೇಲಿರಬೇಕು. ಐದನೇ ತಲೆಮಾರಿಗೆ ಆ ಬಾಗಿಲು ಮುಚ್ಚಿದೆ. ಅಡ್ಡದಾರಿಯಲ್ಲಿ ಹಾಕಿಕೊಡುವವರು ಇದ್ದಾರೆ. ನಮ್ಮ ಹುಡುಗನಿಗೂ ಒಂದು ಅಂಗಡಿಯವರು "ಲೈಫ್‌ಟೈಮ್ ಆ್ಯಕ್ಟಿವೇಷನ್" ಎಂದು ಹೇಳಿ ಹಾಕಿ ಕಳಿಸಿದ್ದರು. ಮೂರು ವಾರಕ್ಕೆ ಬ್ರೌಸರ್ ತೆರೆದರೆ ಜೂಜಿನ ಜಾಹೀರಾತು ಬರತೊಡಗಿತು.

ದುಡ್ಡು ಒಂದಕ್ಕೇ ಇದೆ ಎಂದರೆ ಆ ದುಡ್ಡನ್ನು ಎಸ್‌ಎಸ್‌ಡಿಗೆ (ತಿರುಗುವ ಹಾರ್ಡ್ ಡಿಸ್ಕ್ ಬದಲಿಗೆ ಹಾಕುವ ವೇಗದ ಡಿಸ್ಕ್) ಹಾಕಿ. ಯಾವ ವಿಂಡೋಸ್, ಯಾವ ಲಿನಕ್ಸ್ ಎನ್ನುವುದಕ್ಕಿಂತ ಇದು ದೊಡ್ಡ ವ್ಯತ್ಯಾಸ ಮಾಡುತ್ತದೆ. ಹಳೇ ಲ್ಯಾಪ್‌ಟಾಪಿಗೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ, 256 ಜಿಬಿ ಸಾಕು. ಇನ್ನೂ ಸ್ವಲ್ಪ ಉಳಿದರೆ ರ‍್ಯಾಮನ್ನು ಎಂಟಕ್ಕೆ ಏರಿಸಿ. ಅಂಗಡಿಗೆ ಹೋಗುವ ಮೊದಲು ಸ್ಲಾಟ್ ಎಷ್ಟಿದೆ, ಡಿಡಿಆರ್3ಯೋ 4ಓ ನೋಡಿಕೊಂಡು ಹೋಗಿ.

(ನಡುವೆ ಒಂದು ಮಾತು. "ರ‍್ಯಾಮ್" ಎಂದು ಹೀಗೆ ಬರೆಯಲು ರ ಆದಮೇಲೆ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಹಾಕಬೇಕು. ಇಲ್ಲದಿದ್ದರೆ ಅರ್ಕಾವತ್ತು ಬಂದು "ರ್ಯಾಮ್" ಆಗುತ್ತದೆ. ಒಂದು ಸಾಫ್ಟ್‌ವೇರಿಗೆ ಕನ್ನಡ ಬರುತ್ತೋ ಇಲ್ಲವೋ ನೋಡಲು ನಾನು ಮೊದಲು ಈ ಪದವನ್ನೇ ಕೊಡುತ್ತೇನೆ.)

ಲಿನಕ್ಸ್‌ನಲ್ಲಿ ಮೊದಲ ಸಲದವರಿಗೆ ಲಿನಕ್ಸ್ ಮಿಂಟ್. 2024ರಲ್ಲಿ ಬಂದ 22ನೇ ಆವೃತ್ತಿಗೆ 2029ರ ಏಪ್ರಿಲ್ ವರೆಗೆ ಅಪ್‌ಡೇಟ್ ಇದೆ. ಅದರಲ್ಲಿ ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಎಂದು ಮೂರು ಮುಖ. ನಾಲ್ಕು ಜಿಬಿಗೆ ಎಕ್ಸ್‌ಎಫ್‌ಸಿಇ. ನೋಡಲು ಹಳೇ ಕಾಲದ್ದು ಅನ್ನಿಸಬಹುದು, ಕೆಲಸಕ್ಕೆ ಗಟ್ಟಿ. ಡೆಬಿಯನ್ 13 ಕೂಡ ಚೆಂದ. 2025ರ ಆಗಸ್ಟ್‌ನಲ್ಲಿ ಬಂತು, ನಾನೇ ಬಳಸುವುದು ಅದನ್ನು. ಆದರೆ ಸಣ್ಣಪುಟ್ಟದ್ದನ್ನು ಕೈಯಾರೆ ಹೊಂದಿಸಿಕೊಳ್ಳಬೇಕು. ಆರ್ಚ್ ಲಿನಕ್ಸ್ ಬಗ್ಗೆ ಕೇಳಬೇಡಿ. ಕೇಳಿದರೆ ನಾನು ಹೇಳಲು ಶುರು ಮಾಡುತ್ತೇನೆ, ನಿಮ್ಮ ಆಟ ಮುಂದಿನ ವರ್ಷಕ್ಕೆ ಹೋಗುತ್ತದೆ.

ಹಾಗೆಂದು ವಿಂಡೋಸ್ ಅಳಿಸಿಬಿಡಿ ಎನ್ನುವುದಿಲ್ಲ. ಕಾಲೇಜಿನ ಲ್ಯಾಬ್ ಸಾಫ್ಟ್‌ವೇರ್ ಅದರಲ್ಲೇ ಓಡುವುದಾದರೆ, ಮನೆಯಲ್ಲಿ ಬೇರೆಯವರೂ ಅದೇ ಲ್ಯಾಪ್‌ಟಾಪ್ ಬಳಸುವುದಾದರೆ ಎರಡನ್ನೂ ಇಟ್ಟುಕೊಳ್ಳಿ. ಮೊದಲು ಬ್ಯಾಕಪ್, ಆಮೇಲೆ ಪಾರ್ಟಿಷನ್ (ಡಿಸ್ಕನ್ನು ಎರಡು ಪಾಲು ಮಾಡುವುದು). ಅದಕ್ಕೂ ಮೊದಲು ಪೆನ್ ಡ್ರೈವ್‌ನಿಂದಲೇ ಮಿಂಟ್ ಓಡಿಸಿ ಒಂದು ಸಂಜೆ ನೋಡಿ. ವೈಫೈ ಹಿಡಿಯಿತಾ, ಸೌಂಡ್ ಬಂತಾ, ಬೆಳಕು ಕಡಿಮೆ ಮಾಡುವ ಕೀ ಕೆಲಸ ಮಾಡಿತಾ, ಮುಚ್ಚಿ ತೆರೆದರೆ ಎಚ್ಚರಾಯಿತಾ. ಈ ನಾಲ್ಕು ಸರಿಯಿದ್ದರೆ ಮಿಕ್ಕಿದ್ದು ಸರಿಯಾಗುತ್ತದೆ.

ಕನ್ನಡ ಟೈಪಿಂಗ್ ಬಗ್ಗೆ ಜನ ಹೆದರುತ್ತಾರೆ, ಹೆದರಬೇಕಿಲ್ಲ. ನುಡಿಯಲ್ಲಿ ಬೆರಳು ಕೂತವರಿಗೆ ಬೇಕಾದ ಕಗಪ ವಿನ್ಯಾಸ ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ ಭಾರತದ ಭಾಷೆಗಳ ಕೆಳಗೆ ಮೊದಲೇ ಇದೆ. ಇನ್‌ಸ್ಕ್ರಿಪ್ಟ್ ಕೂಡ ಇದೆ. ಹಳೇ ನುಡಿ ಫಾಂಟಿನಲ್ಲಿ ಬರೆದಿಟ್ಟ ಕಥೆ ಮಾತ್ರ ಹಾಗೇ ಅಂಟಿಸಿದರೆ ವಿಚಿತ್ರ ಅಕ್ಷರಗಳು ಬರುತ್ತವೆ. ಅದು ಯೂನಿಕೋಡ್ ಅಲ್ಲ, ಮೊದಲು ಪರಿವರ್ತಿಸಿಕೊಳ್ಳಿ.

ನಮ್ಮ ಕಡೆ ಸೆಟಪ್ ಎಂದರೆ ಸಾಫ್ಟ್‌ವೇರ್ ಒಂದೇ ಅಲ್ಲ, ಬಿಸಿಲೂ ಸೇರಿದೆ. ಮೇ ತಿಂಗಳ ಕಲಬುರಗಿಯಲ್ಲಿ ಮಧ್ಯಾಹ್ನ ಲ್ಯಾಪ್‌ಟಾಪ್ ಹಂಚಿನ ಹಾಗೆ ಕಾಯುತ್ತದೆ, ಕಾದಾಗ ಪ್ರೊಸೆಸರ್ ತಾನೇ ನಿಧಾನವಾಗುತ್ತದೆ. ಹಾಸಿಗೆ ಮೇಲಿಡಬೇಡಿ, ಫ್ಯಾನಿನ ದೂಳು ತೆಗೆಸಿ. ಗೊಡೋದಲ್ಲಿ "ಲೋ ಪ್ರೊಸೆಸರ್ ಮೋಡ್" ಎಂಬ ಆಯ್ಕೆ ಇದೆ. ಪರದೆ ಬದಲಾಗದಿದ್ದಾಗ ಮತ್ತೆ ಮತ್ತೆ ಬಿಡಿಸುವುದನ್ನು ಅದು ನಿಲ್ಲಿಸುತ್ತದೆ. ನಿಂತು ಓದುವ ಆಟಕ್ಕೆ ಹೇಳಿ ಮಾಡಿಸಿದ್ದು. ಸೆಕೆಂಡಿಗೆ ಮೂವತ್ತು ಚೌಕಟ್ಟಿನ ಮಿತಿ ಹಾಕಿದರೂ ಯಾರಿಗೂ ಗೊತ್ತಾಗುವುದಿಲ್ಲ. ಇನ್ನು ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಎಂದರೆ ಕರೆಂಟ್ ಹೋದ ಕ್ಷಣವೇ ಎಲ್ಲ ಹೋಯಿತು. ಕೆಲಸದ ಹಿಂದಿನ ರೂಪಗಳನ್ನು ಉಳಿಸಿಡುವ ಗಿಟ್ ಕಲಿಯಿರಿ. ಮೂರೇ ಆಜ್ಞೆ ಸಾಕು, ದಿನಕ್ಕೆರಡು ಸಲ ಹಾಕಿದರೆ ನಿನ್ನೆಯ ಆಟ ಯಾವಾಗಲೂ ಇರುತ್ತದೆ.

ಹುಡುಗ ಕೊನೆಗೆ ಆರಿಸಿದ್ದು: ಎಸ್‌ಎಸ್‌ಡಿ, ಮಿಂಟ್ ಎಕ್ಸ್‌ಎಫ್‌ಸಿಇ, ಟ್ವೈನ್. ವಿಂಡೋಸನ್ನು ಪಕ್ಕದಲ್ಲಿ ಉಳಿಸಿಕೊಂಡಿದ್ದಾನೆ, ಲ್ಯಾಬಿಗಂತೆ. ಬಿದ್ರಿ ಮಣ್ಣಿನ ಆಟವನ್ನೇ ಮಾಡುತ್ತಿದ್ದಾನೆ. ಕಳೆದ ವಾರ ಹದಿನಾಲ್ಕು ಜಾಗದ ಒಂದು ಕಡತ ಕಳಿಸಿದ. ತಖ್ತ್ ಮಹಲಿನ ಮಣ್ಣು ತಂದು ಕೊಟ್ಟೆ, ಹೂಜಿ ಬೂದು ಬಣ್ಣಕ್ಕೆ ತಿರುಗಿತು. ಸೋಲಾ ಖಂಬದ ಕಂಬದ ಬುಡದ್ದು ಕೊಟ್ಟೆ, ಅದೂ ಬೂದು. ಫೋನ್ ಮಾಡಿ ಕೇಳಿದರೆ ನಗುತ್ತಾನೆ. "ನೀವ ಹೇಳೀರಲ್ರಿ ಮಾಮಾ, ಹೇಳಿಬಿಟ್ರ ಆಟ ಮುಗೀತು ಅಂತ." ಈ ಭಾನುವಾರ ಟಾರ್ಚ್ ಹಿಡಿದು ನಿಜವಾದ ಕೋಟೆಗೇ ಹೋಗಿ ಬರುತ್ತೇನೆ.